ತಗಸಿ ಹಾಕಿದ ಚಿತ್ರ

ಮೊಮ್ಮಗಳು ನನ್ನ ಕೈ ಕಚ್ಚಿದ್ದು ಹಠಕ್ಕಲ್ಲ. ಅಕಿ ಮಾತು ನಾನು ಕಸಗೊಂಡಿದ್ದೆ, ಅದಕ್ಕ ಹಲ್ಲು ಹಚ್ಚಿದಳು. ನಡದದ್ದು ಇಷ್ಟ. ಮಂದಿ ಮುಂದ ನಾನು ಬ್ಯಾರೆ ಹೇಳೇನಿ.

ಹುಡುಗಿಗೆ ಏಳು ವರ್ಷ. ಕಿವಿ ಕೇಳತಾವ, ಬುದ್ಧಿ ಛಲೋ ಐತಿ, ಬಾಯಾಗಿಂದ ಮಾತು ಬರೂದಿಲ್ಲ. ನವನಗರದಾಗ ಇಂಥಾ ಮಕ್ಕಳಿಗೆ ಕಲಿಸೋ ಮೇಡಂ ಒಬ್ಬರು ಟ್ಯಾಬ್ ಮ್ಯಾಲೆ ಮಾತಾಡೋದು ಕಲಿಸಿದರು. ಅದರ ತುಂಬ ಸಣ್ಣ ಸಣ್ಣ ಚಿತ್ರ. ಲೋಟ ಒತ್ತಿದರ 'ನೀರು' ಅಂತೈತಿ, ನನ್ನ ಫೋಟೋ ಒತ್ತಿದರ 'ಅಜ್ಜಿ' ಅಂತೈತಿ. ದನಿ ನನ್ನ ಸೊಸೀದು. ಮೊದಲನೇ ಸಲ ಅದು 'ಅಜ್ಜಿ' ಅಂದಾಗ ರೊಟ್ಟಿ ಬಡಿಯೋದು ಬಿಟ್ಟು ಓಡಿ ಬಂದಿದ್ದೆ.

ಕೆಳಗ ಮೂಲ್ಯಾಗ ಅಡ್ಡ ಹಿಡದ ಕೈದೊಂದು ಚಿತ್ರ ಇತ್ತು, ಒತ್ತಿದರ 'ಬ್ಯಾಡ' ಅಂತಿತ್ತು. ಹುಡುಗಿ ಅದನ್ನ ಭಾಳ ಹಚ್ಚಿಕೊಂಡಳು. ತಲಿಗೆ ಎಣ್ಣಿ ಬ್ಯಾಡ, ಅಂಗಿ ಬ್ಯಾಡ. ತಡಕೊಂಡೆ. ತಾಟಿನ ಮುಂದನೂ ಅನ್ನಾಕ ಹತ್ತಿದಳು. ನಮ್ಮ ಮನ್ಯಾಗ ತಾಟಿಗೆ ಬಿದ್ದದ್ದು ಪ್ರಸಾದ. ಹೊಟ್ಟಿ ತುಂಬಿದರ 'ಸಾಕು' ಅಂತ ಕೈ ಮುಗಿತೇವಿ, 'ಬ್ಯಾಡ' ಅನ್ನೂದಿಲ್ಲ. ನಮ್ಮತ್ತಿ ಮುಂದ ನಾನು ಒಮ್ಮಿನೂ ಅಂದಾಕಿ ಅಲ್ಲ.

"ಅದೊಂದು ತಗಿಯಪಾ," ಅಂದೆ ಮಗಗ.

"ಅವ್ವಾ, ಅದ ಭಾಳ ಮುಖ್ಯ ಅಂದಾರ ಮೇಡಂ."

"ಮೇಡಂ ಬಂದು ಉಣಸ್ತಾರೇನು?"

ಸೊಸಿ ನನ್ನ ಮಾರಿ ನೋಡಿದಳು. ಮಗ ಅದನ್ನ ತಗದು, ನಾನು ಹೇಳಿದಂಗ ಅದ ಜಾಗಾದಾಗ 'ನಮಸ್ಕಾರ' ಹಾಕಿದ.

ಆಮ್ಯಾಲೆ ಒಂದಿನ ಸುಳ್ಳ ಊರಿಂದ ನನ್ನ ತಂಗಿ ತನ್ನ ಬೀಗರನ್ನ ಊಟಕ್ಕ ಕರಕೊಂಡು ಬಂದಳು. ಮಗ, ಸೊಸಿ ಬಡಸಾಕ ಒಳಗ ಹೊರಗ ಓಡ್ಯಾಡಾಕತ್ತಿದ್ದರು. ಹುಡುಗಿಗೆ ಕಟ್ಟಿನ ಸಾರು ಅನ್ನ ಕಲಸಿ ನಾನ ಉಣಸಾಕ ಕೂತೆ. ಒಂದು ತುತ್ತು ನುಂಗಿ ಅಕಿ ಟ್ಯಾಬ್ ಒತ್ತಿದಳು. 'ನಮಸ್ಕಾರ' ಅಂತು.

"ಎಷ್ಟ ಶಾಣ್ಯಾ ಹುಡುಗಿರಿ," ಅಂದರು ಬೀಗತಿ.

ಮತ್ತ ಒತ್ತಿದಳು. 'ನಮಸ್ಕಾರ. ನಮಸ್ಕಾರ.'

"ಸಾಕ ಬಿಡವಾ, ನಿಮ್ಮಜ್ಜಿ ಇಲೆಕ್ಷನ್ನಿಗೆ ನಿಂತಾಳೇನು," ಅಂದಳು ತಂಗಿ. ಎಲ್ಲಾರೂ ನಕ್ಕರು.

ನಾನೂ ನಕ್ಕೆ. ಆದರ ಆ ಬೆರಳು ಏನು ಹುಡಕಾಕತ್ತೈತಿ ಅನ್ನೂದು ನನಗ ತಿಳದಿತ್ತು. ಆ ಮೂಲ್ಯಾಗ ಮೊದಲು ಏನಿತ್ತಂತ ಆ ಪಂಕ್ತ್ಯಾಗ ಗೊತ್ತಿದ್ದಾಕಿ ನಾನೊಬ್ಬಾಕಿನ. ತಿಳದೂ, ಮಂದಿ ನೋಡಾಕತ್ತಾರಂತ, ಇನ್ನೊಂದು ತುತ್ತು ಬಾಯಾಗ ತುರಕಿದೆ. ಕಚ್ಚಿದಳು. ಕಪಾಳಕ್ಕ ಹೊಡದೆ. ಟ್ಯಾಬ್ ಕಸಗೊಂಡು ಕಪಾಟಿನ ಮ್ಯಾಲಿಟ್ಟೆ.

"ಹಠಮಾರಿ ಅದಾಳ್ರಿ. ಇಂಥಾ ಹುಡುಗ್ರಿಗೆ ತಿಳಿಯೂದಿಲ್ಲ," ಅಂದೆ ಬೀಗರಿಗೆ.

ಹೊಡದದ್ದಕ್ಕಿಂತ ಈ ಮಾತಿಗೆ ನನಗ ಹೆಚ್ಚು ನಾಚಿಕಿ. ಅಕಿ ಅಲ್ಲೇ ಕೂತು ಕೇಳಿದಳು.

ಬೀಗರು ಹೋದ ಮ್ಯಾಲೆ ಸೊಸಿ ಮಗಳ ಬಾಯಿ ತಗಸಿ ಮೊಬೈಲ್ ಬೆಳಕು ಹಿಡದಳು. ಗಲ್ಲದ ಒಳಗ ಬೆಳ್ಳನ ಹುಣ್ಣು. ಅದರ ಮ್ಯಾಲೆ ನಾನು ಖಾರದ ಸಾರು ತುರಕಿದ್ದೆ.

"ನೋಡ್ರಿ ಅತ್ತಿ," ಅಂದಳು, ಅಷ್ಟ. ಬೈದಿದ್ದರ ನಾನೂ ತಿರುಗಿ ಬೈತಿದ್ದೆ.

ಮರುದಿನ ಮುಂಜಾನೆ ಚಹಾಕ್ಕೂ ಮೊದಲು ಟ್ಯಾಬ್ ಇಳಿಸಿ ಸೊಸಿ ಕೈಯಾಗ ಕೊಟ್ಟೆ.

"ಬ್ಯಾಡ ಅನ್ನೂದನ್ನ ಅದರ ಜಾಗಾದಾಗ ಹಾಕು."

"ಹಳೇ ದನಿ ಅಳಿಸಿ ಹೋಗೇತ್ರಿ. ಮತ್ತ ಹೇಳಿ ತುಂಬಬೇಕು."

"ನಾನ ಹೇಳತೇನಿ."

ಸೊಸಿ ಟ್ಯಾಬ್ ನನ್ನ ಬಾಯಿ ಹತ್ತರ ಹಿಡದಳು. ಅಂದೆ.

"ಸಣ್ಣಗ ಆತ್ರಿ, ಅತ್ತಿ."

ಜೋರಾಗಿ ಅಂದೆ.

ಆಮ್ಯಾಲೆ ಎಣ್ಣಿ ಬಟ್ಟಲಾ, ಹಣಿಗಿ ಹಿಡಕೊಂಡು ಹುಡುಗಿ ಮುಂದ ಕೂತೆ. ಅಕಿ ನನ್ನ ಮಾರಿ ನೋಡಿದಳು, ಬಟ್ಟಲಾ ನೋಡಿದಳು, ಮೂಲಿ ಒತ್ತಿದಳು. ನನ್ನ ದನೀನ ನನಗ 'ಬ್ಯಾಡ' ಅಂತು. ಎದ್ದು ಬಟ್ಟಲಾ ಒಳಗಿಟ್ಟು ಬಂದೆ.