ಚಿಕ್ಕಪ್ಪನ ಅಂದಾಜಿನ ಅಂಗಿ

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇಂದಿಗೂ ಮೈಯೆಲ್ಲ ಕಿರಿಕಿರಿ.

ನಾವಾಗ ಡೊಂಬಿವಲಿಯ ಚಾಳಿನಲ್ಲಿದ್ದೆವು. ಮಾಜಿವಾಡಾದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ ಚಿಕ್ಕಪ್ಪ ದೀಪಾವಳಿಗೆ ಬರುವಾಗ ನನಗೊಂದು ಅಂಗಿ ತರುತ್ತಿದ್ದರು. ಅಳತೆ ಕೇಳುವ ಪದ್ಧತಿಯೇ ಇಲ್ಲ, ಎಲ್ಲ ಅಂದಾಜು. ತೋಳು ಬೆರಳು ದಾಟಿ ಇಳಿಯುತ್ತಿತ್ತು, ಕಾಲರಿನಲ್ಲಿ ಇನ್ನೊಂದು ಕತ್ತು ಹಿಡಿಸುತ್ತಿತ್ತು.

"ಹಾಕಿ ತೋರ್ಸು ಮಗಾ" ಎನ್ನುತ್ತಿದ್ದರು. ಹಾಕಿದರೆ, "ಸಮಾ ಆಯ್ತಲ್ಲ ಅತ್ತಿಗೆ!" ಎಂದು ಅಮ್ಮನಿಗೆ ಹೇಳುತ್ತ ತಾವೇ ಗುಂಡಿ ಹಾಕುತ್ತಿದ್ದರು.

ಅಮ್ಮನ ಕಾನೂನು ಅದಕ್ಕಿಂತ ಕಷ್ಟದ್ದು. ಕೊಟ್ಟವರು ಮನೆಯಿಂದ ಹೊರಡುವ ತನಕ ಬಿಚ್ಚುವಂತಿಲ್ಲ. ಚಿಕ್ಕಪ್ಪನೋ ಊಟ ಮಾಡಿ, ಗೊರಕೆ ಹೊಡೆದು, ಸಂಜೆಯ ಲೋಕಲ್ ರೈಲಿಗೆ ಹೊರಡುವವರು. ಅಷ್ಟು ಹೊತ್ತೂ ನಾನು ಚಾಳಿನ ಹುಡುಗರ ಕಣ್ಣಿಗೆ ಬೀಳದಂತೆ ಅಡುಗೆಮನೆಯಲ್ಲಿ ಬೆವರಬೇಕು! ಗೊಣಗಿದರೆ ಅಮ್ಮ ಪಿಸುಗುಟ್ಟುತ್ತಿದ್ದಳು: "ಸುಮ್ನಿರು ಮಾರಾಯ. ವಾರದ ರಜೆಯಲ್ಲಿ ನಿದ್ದೆ ಬಿಟ್ಟು ಬಜಾರು ತಿರುಗಿ ತಂದದ್ದು ಅದು."

ಇವತ್ತು ಚಿಕ್ಕಪ್ಪನ ಮೊಮ್ಮಗಳು ಕೋಪರಖೈರಣೆಯಿಂದ ನನಗೆಂದು ಅಂಗಿ ತಂದಿದ್ದಾಳೆ. "ಮಾಮಾ, ಪೆಹನ್ ಕೆ ದಿಖಾವೋ ನಾ!" ಅದೇ ಹಳೆಯ ಹಾಕಿ ತೋರ್ಸು, ಈಗ ಹಿಂದಿಯಲ್ಲಿ.

ಅಂದಾಜಿನಲ್ಲಿ ಇವಳು ಅಜ್ಜನನ್ನೂ ಮೀರಿಸಿದ್ದಾಳೆ. ಹೊಟ್ಟೆಯ ಮೇಲಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. "ಏಕದಮ್ ಪರ್ಫೆಕ್ಟ್!" ಎಂದು ಚಪ್ಪಾಳೆ ತಟ್ಟಿದಳು.

ಅಮ್ಮ ಈಗಿಲ್ಲ, ಅವಳ ಕಾನೂನು ಇದೆ. ಹೊಟ್ಟೆ ಒಳಗೆಳೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹುಡುಗಿ ರಾತ್ರಿ ಊಟಕ್ಕೂ ನಿಲ್ಲುತ್ತಾಳಂತೆ.