ಯಾರ ಚಾದರ ಎಂದು ಕೇಳಿದವರಿಗೆ

ಪೋರ್ಟೊ ಊರಿನ ಸಾಂತಾ ಕೊಂಬಾ ಮೆಟ್ಟಿಲ ಬೀದಿಗೆ ಇನ್ನೂ ಬೆಳಕು ಇಳಿದಿಲ್ಲ. ಕೆಳಗೆ ದೋರೊ ನದಿಯ ಮೇಲೆ ಮಂಜು ಕೂತಿದೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಪ್ಲಾಸ್ಟಿಕ್ ಬುಟ್ಟಿ, ಕಾಲಿಗೆ ರಬ್ಬರ್ ಬೂಟು. ಎರ್ಮೆಲಿಂಡಾ ಮೊರೈಸ್ ಒಂದೊಂದೇ ಮೆಟ್ಟಿಲಿಳಿದು ಒಗೆಯುವ ತೊಟ್ಟಿಯ ಹತ್ತಿರ ಬರುತ್ತಾರೆ. ಬುಟ್ಟಿ ಕೆಳಗಿಟ್ಟವರೇ ಬಟ್ಟೆಗೆ ಕೈ ಹಾಕುವುದಿಲ್ಲ. ಮೊದಲು ಜಾಲರಿ ಹಿಡಿದು ನೀರಿನಿಂದ ನಿನ್ನೆಯ ಕಸ ಎತ್ತಬೇಕು. ಇವತ್ತು ಸಿಕ್ಕಿದ್ದು ಬಿಯರ್ ಬಾಟಲಿಯ ಮುಚ್ಚಳ, ಕಿತ್ತಳೆ ಸಿಪ್ಪೆ, ಯಾವುದೋ ಮಗುವಿನ ಕಾಲುಚೀಲ. ತಳದಲ್ಲಿ ಒಂದಿಷ್ಟು ಚಿಲ್ಲರೆ ಕಾಸು.

"ಕಾಸು ಯಾಕೆ ಎಸೀತಾರೋ ನನಗಂತೂ ಗೊತ್ತಿಲ್ಲ. ಇದೇನು ದೇವರ ಕೊಳಾನಾ? ನಾನೇನು ಇಲ್ಲಿ ಕೂತಿರೋ ಮಾತೆಯಾ?" ಎನ್ನುತ್ತಾ ಎರ್ಮೆಲಿಂಡಾ ಸೆರಗಿನಂಥ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ. "ಎಸೆಯಲೇಬೇಕು ಅಂದ್ರೆ ಸೋಪು ಎಸೀರಪ್ಪ. ಉಪಯೋಗಕ್ಕಾದ್ರೂ ಬರುತ್ತೆ."

ತೊಟ್ಟಿ ಎರಡಿವೆ. ಬೆಟ್ಟದ ಊಟೆಯ ನೀರು ಮೊದಲು ಮೇಲಿನ ತೊಟ್ಟಿಗೆ ಬಿದ್ದು, ಅದು ತುಂಬಿದ ಮೇಲೆ ಕೆಳಗಿನದಕ್ಕೆ ಇಳಿಯುತ್ತದೆ. ಕೆಳಗಿನದರಲ್ಲಿ ಸೋಪು ಹಾಕಿ ಕಲ್ಲಿಗೆ ಉಜ್ಜುವುದು, ಮೇಲಿನದರಲ್ಲಿ ಜಾಲಿಸುವುದು. ಮೇಲಿನ ತೊಟ್ಟಿಗೆ ಸೋಪಿನ ಕೈ ಅದ್ದಿದ ಸೊಸೆಗೆ ಅತ್ತೆ ನಡುಬೀದಿಯಲ್ಲಿ ಮಂಗಳಾರತಿ ಎತ್ತಿದ ಕಥೆ ಈ ಬೆಟ್ಟದಲ್ಲಿ ಮನೆಗೊಂದಿದೆ. ಅಂಥ ನೀರಿಗೆ ಈಗ ಹೊತ್ತೇರುತ್ತಿದ್ದಂತೆ ಸಾಲಾಗಿ ಕಾಲು ಇಳಿಯುತ್ತವೆ. ಊರೆಲ್ಲ ಸುತ್ತಿದ, ಬೆವೆತ, ಬೊಬ್ಬೆ ಎದ್ದ ಕಾಲುಗಳು.

ತಪ್ಪು ಆ ಕಾಲುಗಳದ್ದೂ ಅಲ್ಲ. "ಎರಡು ದಿನದಲ್ಲಿ ಪೋರ್ಟೊ" ಎಂದು ಯಾರೋ ಪುಣ್ಯಾತ್ಮರು ಅಂತರ್ಜಾಲದಲ್ಲಿ ಬರೆದಿಟ್ಟಿದ್ದಾರೆ. ಸೇತುವೆ, ದ್ರಾಕ್ಷಾರಸದ ಉಗ್ರಾಣ, ಹೆಂಚಿನ ಚಿತ್ರಗಳಿರುವ ಚರ್ಚು ಎಲ್ಲ ಮುಗಿದ ಮೇಲೆ ಈ ತೊಟ್ಟಿಯ ಸರದಿ. "ದಣಿದ ಕಾಲನ್ನು ಇಲ್ಲಿನ ತಣ್ಣೀರಿನಲ್ಲಿ ಇಳಿಬಿಡಿ, ಊರಿನವರ ಹಾಗೆ" ಎಂದು ಸಲಹೆ ಬೇರೆ. ಊರಿನವರ ಹಾಗಂತೆ! ಈ ಊರಿನಲ್ಲಿ ಹುಟ್ಟಿದ ಯಾವ ಕೂಸೂ ಆ ನೀರಿಗೆ ಕಾಲಿಟ್ಟು ಬೆನ್ನಿಗೆ ಗುದ್ದು ತಿನ್ನದೆ ಮನೆ ಸೇರಿದ್ದಿಲ್ಲ. ಬರೆದವರು ಒಂದು ದಿನ ಬಂದು, ಒಂದು ಮಾತು ಕೇಳಿದ್ದರೂ ಗೊತ್ತಾಗುತ್ತಿತ್ತು.

ಅರವತ್ತೈದು ದಾಟಿರುವ ಎರ್ಮೆಲಿಂಡಾ ಈ ತೊಟ್ಟಿಯ ಪಕ್ಕದಲ್ಲೇ ಬೆಳೆದವರು. ತಾಯಿಯದೂ ಇದೇ ಕೆಲಸ. ಕಲ್ಲು ಎಟುಕದ ವಯಸ್ಸಿನಲ್ಲಿ ಮೀನಿನ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ನಿಂತು ಕರವಸ್ತ್ರ ಒಗೆಯಲು ಕಲಿತರು. ಮುಂದೆ ಅಂಗಿ ಹೊಲಿಯುವ ಕಾರ್ಖಾನೆ ಸೇರಿದರು, ಮದುವೆಯಾದರು. ಕಾರ್ಖಾನೆ ಮುಚ್ಚಿತು. ಹೊಳೆಯಾಚೆಯ ಉಗ್ರಾಣದಲ್ಲಿ ಪೀಪಾಯಿ ಉರುಳಿಸುತ್ತಿದ್ದ ಗಂಡ ಅಡೆಲಿನೊ ಎದೆನೋವಿನಿಂದ ತೀರಿಕೊಂಡರು. ಎರ್ಮೆಲಿಂಡಾ ಮತ್ತೆ ಒಗೆಯುವ ಕಲ್ಲಿನ ಮುಂದೆ ಬಂದು ನಿಂತರು. ಚಳಿಗಾಲದಲ್ಲಿ ಬೆರಳು ಮಡಚಲು ಬರುವುದಿಲ್ಲ. ಮೊಣಕೈಗೆ ಕೊಬ್ಬರಿ ಎಣ್ಣೆಯಲ್ಲ, ಕರ್ಪೂರದ ಸಾರಾಯಿ ಹಚ್ಚಿ ಉಣ್ಣೆ ಬಟ್ಟೆ ಸುತ್ತುತ್ತಾರೆ.

ಮೆಷಿನ್ ಇಲ್ಲವೇ ಎಂದು ಕೇಳುವವರುಂಟು. ಈ ಬೆಟ್ಟದ ಒಂಟಿ ಕೋಣೆಗಳಲ್ಲಿ ಮಂಚ ಹಾಕಿದರೆ ಮೇಜಿಗೆ ಜಾಗವಿಲ್ಲ, ಮೇಜು ಹಾಕಿದರೆ ಮನುಷ್ಯ ಹೊರಗೆ ನಿಲ್ಲಬೇಕು. ಮೂಲೆಯಲ್ಲಿ ಹೊಸದಾಗಿ ಮೆಷಿನ್ ಅಂಗಡಿ ತೆರೆದಿದೆ, ನಿಜ. ಅದರ ಗೋಡೆಯ ಮೇಲೆ "ಕಂಬಳಿ, ಜಮಖಾನ, ರೋಗಿಗಳ ಹಾಸಿಗೆ ಬಟ್ಟೆ ಹಾಕುವಂತಿಲ್ಲ" ಎಂಬ ಬೋರ್ಡು ತೂಗುತ್ತಿದೆ. ಅದು ಬಾಡಿಗೆ ಕೋಣೆಗಳಲ್ಲಿ ಇಳಿಯುವ ಪ್ರವಾಸಿಗಳ ಟವೆಲ್ಲಿಗೆ ಹುಟ್ಟಿದ ಅಂಗಡಿ. ಆದ್ದರಿಂದ ಮೀನು ಮಾರುವವರ ಏಪ್ರನ್ನು, ಮುದುಕರ ಕಂಬಳಿ, ಹಾಸಿಗೆ ಹಿಡಿದವರ ಚಾದರ ಎಲ್ಲ ಎರ್ಮೆಲಿಂಡಾರ ಬುಟ್ಟಿಗೆ ಬೀಳುತ್ತವೆ.

ಬಿಳಿ ಬಟ್ಟೆಗೆ ಇನ್ನೊಂದು ಸಂಸ್ಕಾರವಿದೆ. ಸೋಪು ಹಚ್ಚಿದ ಚಾದರವನ್ನು ತೊಳೆಯದೆ ಹಾಗೇ ಪಕ್ಕದ ಹುಲ್ಲಿನ ಮೇಲೆ ಬಿಸಿಲಿಗೆ ಹರಡುತ್ತಾರೆ. ಒಣಗಲು ಬಿಡದೆ ಮತ್ತೆ ಮತ್ತೆ ನೀರು ಚಿಮುಕಿಸುತ್ತಾರೆ. ಕಲೆ ತಾನಾಗಿ ಬಿಡುತ್ತದೆ. ಮೊನ್ನೆ ಹಾಗೆ ಹರಡಿದ ಚಾದರದ ಮೇಲೆ ಒಂದು ಸಂಸಾರ ಚಕ್ಕಂಬಕ್ಕಲ ಹಾಕಿ ಕೂತು, ರೊಟ್ಟಿ, ಚೀಸು ಬಿಚ್ಚಿ ಊಟಕ್ಕೆ ಶುರುಮಾಡಿತ್ತು.

ಪಕ್ಕದ ಕಲ್ಲಿನಲ್ಲಿ ಒಗೆಯುವ ಝುಲ್ಮಿರಾ ಪತ್ರಿಕೆಯವರಾದ ನಮ್ಮೆದುರು ಅದನ್ನು ನೆನೆದು ಇನ್ನೂ ನಗುತ್ತಾರೆ. ಈಗ ತೊಟ್ಟಿಗೆ ದಿನಾ ಬರುವವರು ಇವರಿಬ್ಬರೇ.

"ಇವಳು ಬೈಲಿಲ್ಲ ಕಣ್ರೀ. ಹೋಗಿ ನೀರು ಚಿಮುಕಿಸಿದ್ಳು. ಅವರ ತಲೆ ಮೇಲೇ!"

"ಚಿಮುಕಿಸೋ ಹೊತ್ತಾಗಿತ್ತು ಕಣೇ. ಅವರು ಕೂತ್ರು ಅಂತ ಬಿಸಿಲು ಕಾಯುತ್ತಾ?" ಎಂದು ಎರ್ಮೆಲಿಂಡಾ ಮುಖ ತಿರುಗಿಸುತ್ತಾರೆ.

ನಗುವುದಕ್ಕೆ ಇಷ್ಟು ಸಾಕು. ಉಳಿದದ್ದು ಹೊಟ್ಟೆ ಉರಿಸುವ ಮಾತು. ನದಿದಂಡೆಯನ್ನು ಚಂದಗಾಣಿಸುವ ಸಮಿತಿಯೊಂದು ಹುಟ್ಟಿಕೊಂಡು, ಈ ತೊಟ್ಟಿಯನ್ನು "ಜೀವಂತ ವಸ್ತುಸಂಗ್ರಹಾಲಯ" ಮಾಡಲು ಹೊರಟಿದೆ. ದ್ರಾಕ್ಷಿ ಕೊಯ್ಲು ಮುಗಿಯುತ್ತಲೇ ಕೆಲಸ ಶುರು. ಹುಲ್ಲಿನ ಜಾಗಕ್ಕೆ ಕಲ್ಲು ಹಾಸು, ನದಿ ನೋಡಲು ಬೆಂಚು, ಮೇಲಿನ ತೊಟ್ಟಿಗೆ ಗಾಜಿನ ಮುಚ್ಚಳ. ಮನೆಬಟ್ಟೆ ತಂದು ಒಗೆಯುವಂತಿಲ್ಲ. ವಾರಾಂತ್ಯದಲ್ಲಿ ಒಗೆದು ತೋರಿಸುವವರು ಮಾತ್ರ ಬೇಕು. ಕಪ್ಪು ಶಾಲು, ತಲೆಗೆ ಚೌಕ, ಬೆತ್ತದ ಬುಟ್ಟಿ ಸಮಿತಿಯೇ ಕೊಡುತ್ತದೆ. ಒಗೆಯಲು ಮೊದಲೇ ಒಗೆದಿಟ್ಟ ಚಾದರವನ್ನೂ ಅದೇ ಕೊಡುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು. ಈಗ ಆ ಕೈಗೂ ನಿಜವಾದ ಕೆಸರು ಬೇಡವಂತೆ, ವೇಷ ಸಾಕಂತೆ.

ಸಮಿತಿಯ ಕಾರ್ಯದರ್ಶಿ ರೊಜೇರಿಯೊ ಓದಿಕೊಂಡ ಮನುಷ್ಯ. ಪದವಿ ಇದ್ದವರನ್ನೆಲ್ಲ ಡಾಕ್ಟರ್ ಎನ್ನುವುದು ಇಲ್ಲಿನ ವಾಡಿಕೆಯಾದ್ದರಿಂದ ಡಾಕ್ಟರ್ ರೊಜೇರಿಯೊ. ಕೆಟ್ಟವರೇನಲ್ಲ, ಮಾತು ಬೆಣ್ಣೆ. "ದೋನಾ ಎರ್ಮೆಲಿಂಡಾ, ನೀವು ನಮ್ಮ ಪರಂಪರೆ" ಎಂದು ಕೈ ಹಿಡಿದುಕೊಂಡರಂತೆ.

"ಪರಂಪರೆಗೆ ಬಟ್ಟೆ ಒಗೆಯೋಕೆ ನೀರು ಬಿಡ್ತೀರಾ ಅಂತ ಕೇಳಿದೆ. ಗಡಿಯಾರ ನೋಡ್ಕೊಂಡು ಹೊರಟೇಬಿಟ್ರು."

ಯೋಜನೆ ಘೋಷಿಸಲು ಸಮಿತಿ ಕಳೆದ ತಿಂಗಳ ಒಂದು ಶನಿವಾರ ಸಮಾರಂಭ ಇಟ್ಟುಕೊಂಡಿತ್ತು. ಬ್ಯಾಂಡು, ಬಾವುಟ ಹಿಡಿದ ಮಾರ್ಗದರ್ಶಿಗಳು, ಅವರ ಬೆನ್ನಿಗೆ ಪ್ರವಾಸಿಗಳ ಹಿಂಡು, ತಟ್ಟೆಯಲ್ಲಿ ಬಿಸಿಬಿಸಿ ಮೀನಿನ ಬೋಂಡ. ಪಾನೀಯದ ಬಾಟಲಿಗಳನ್ನು ತಣ್ಣಗಿರಲೆಂದು ಮೇಲಿನ ತೊಟ್ಟಿಯಲ್ಲೇ ಮುಳುಗಿಸಿದ್ದರು. ಹತ್ತು ನಿಮಿಷ ಒಗೆದು ತೋರಿಸಲು ಎರ್ಮೆಲಿಂಡಾ ಒಪ್ಪಿದ್ದರು. ಒಪ್ಪಿದರೆ ನೀರಿನ ಮಾತು ಮತ್ತೆ ಎತ್ತಬಹುದು ಎಂಬ ಆಸೆ.

ಎರ್ಮೆಲಿಂಡಾ ಬಂದರು. ಕಪ್ಪು ಶಾಲೂ ಇಲ್ಲ, ಬೆತ್ತದ ಬುಟ್ಟಿಯೂ ಇಲ್ಲ. ಅದೇ ರಬ್ಬರ್ ಬೂಟು, ಅದೇ ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿಯಲ್ಲಿ ಸುತ್ತಿ ಇಟ್ಟಿದ್ದ ಚಾದರ ಬಿಚ್ಚಿದಾಗ ವಾಸನೆ ಎದ್ದಿತು. ಹಾಸಿಗೆಯಿಂದ ಏಳಲಾಗದ ಮನುಷ್ಯನ ಚಾದರ ಅದು. ಬೋಂಡ ಬಾಯಿಗಿಟ್ಟವರು ಮೂಗು ಮುಚ್ಚಿಕೊಂಡರು. ಬ್ಯಾಂಡಿನವರು ನಿಲ್ಲಿಸಿಯೇಬಿಟ್ಟರು. ಡಾಕ್ಟರ್ ರೊಜೇರಿಯೊ ಓಡಿಬಂದು, "ದಯವಿಟ್ಟು ಇದು ಈಗ ಬೇಡ. ನಾವು ಕೊಟ್ಟ ಚಾದರ ಎಲ್ಲಿ?" ಎಂದರು.

"ಅದು ಕೊಳೆಯಾಗಿಲ್ಲ. ಇದು ಆಗಿದೆ" ಎಂದು ಎರ್ಮೆಲಿಂಡಾ ಸೋಪು ಕೈಗೆತ್ತಿಕೊಂಡರು.

ಎಲ್ಲರೂ ಇದನ್ನು ಪ್ರತಿಭಟನೆ ಎಂದುಕೊಂಡರು. ಕೇಳಿದರೆ ಎರ್ಮೆಲಿಂಡಾರಿಗೆ ಸಿಟ್ಟು ಬರುತ್ತದೆ. "ಎಂಥ ಪ್ರತಿಭಟನೆ? ಬೆಳಿಗ್ಗೆ ಹಾಸಿಗೆ ಕೆಟ್ಟಿತ್ತು. ಮನೇಲಿ ಇರೋದೇ ಎರಡು ಚಾದರ. ಸಮಾರಂಭ ಮುಗಿಯೋವರೆಗೂ ತಡ್ಕೊಳ್ಳಿ ಅಂತ ಹೇಳೋಕಾಗುತ್ತಾ? ಈ ತೊಟ್ಟಿ ಕಟ್ಟಿರೋದೇ ಇದಕ್ಕೆ. ಬೋಂಡ ತಿನ್ನೋಕಲ್ಲ."

ಅಷ್ಟರಲ್ಲಿ ಫೋನುಗಳು ಮೇಲೆದ್ದಿದ್ದವು. ಮೂಗು ಮುಚ್ಚಿದ ಕೈ ಒಂದು, ಚಿತ್ರ ಹಿಡಿವ ಕೈ ಇನ್ನೊಂದು. ಮರ್ಯಾದೆ ಹೋಯಿತೆಂಬ ಸಿಟ್ಟಿಗೆ ಡಾಕ್ಟರ್ ರೊಜೇರಿಯೊ ಬೆಣ್ಣೆಯ ಮಾತು ಬಿಟ್ಟು ಗಟ್ಟಿಯಾಗಿ ಕೇಳಿದರು: "ಯಾರದಿದು? ಯಾರ ಮನೆ ಚಾದರ ಹೇಳಿ, ಎಲ್ಲರ ಎದುರಿಗೆ ಹೇಳಿ!"

ತೊಟ್ಟಿಯ ನೇರ ಮೇಲೆ ಒಂದು ಕಿಟಕಿ ಇದೆ. ಅದರ ಹಿಂದೆ ಸೆನ್ಯೋರ್ ಕಸಿಮಿರೊ ಮಲಗಿದ್ದಾರೆ. ಇಡೀ ಪ್ರಾಯ ಟ್ರ್ಯಾಮ್ ಓಡಿಸಿದವರು, ಈಗ ತೊಂಬತ್ತರ ಹತ್ತಿರ. ಲಕ್ವ ಹೊಡೆದ ಮೇಲೂ ದಿನಾ ಕುತ್ತಿಗೆಗೆ ಟೈ ಕಟ್ಟಿಸಿಕೊಳ್ಳುವ ಠೀವಿಯ ಮನುಷ್ಯ. ಅವತ್ತು ಸೆಕೆಗೆ ಕಿಟಕಿ ತೆರೆದಿತ್ತು. ಬೀದಿಯ ಅಷ್ಟೂ ಜನರಿಗೆ ಆ ಚಾದರ ಎಲ್ಲಿಂದ ಬಂತೆಂದು ಗೊತ್ತಿತ್ತು. ಯಾರೂ ಕತ್ತೆತ್ತಿ ಕಿಟಕಿಯ ಕಡೆ ನೋಡಲಿಲ್ಲ.

ಎರ್ಮೆಲಿಂಡಾ ಉಜ್ಜುವುದನ್ನು ನಿಲ್ಲಿಸಲಿಲ್ಲ. ಕೆಳಗೆ ನೋಡುತ್ತಲೇ ಹೇಳಿದರು: "ನಂದೇ. ವಯಸ್ಸಾಯ್ತು ಸ್ವಾಮಿ, ರಾತ್ರಿ ತಡೆಯೋಕಾಗಲ್ಲ. ಬರ್ಕೊಳ್ಳಿ."

ಸಂಜೆಗೆಲ್ಲ ಆ ಚಿತ್ರ ಊರೂರು ಸುತ್ತಿತು. ಹಾಸಿಗೆಯಲ್ಲೇ ಮಾಡಿಕೊಂಡು ಊರ ನೀರು ಕೆಡಿಸುವ ಮುದುಕಿ ಎಂದು ಹೆಸರು ಗೊತ್ತಿಲ್ಲದವರು ಬಾಯಿಗೆ ಬಂದಂತೆ ಬರೆದರು. ಮಾರ್ಕೆಟ್ಟಿನಲ್ಲಿ ಹುಡುಗರು ಕಂಡು ಕಿಸಕ್ಕೆಂದರು. ಸತ್ಯ ಒಂದೇ ಸಾಲಿನದು, ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಎರ್ಮೆಲಿಂಡಾ ಹೇಳಲಿಲ್ಲ. ಝುಲ್ಮಿರಾ ಕೂಡ ಬಾಯಿ ಬಿಗಿಹಿಡಿದಿದ್ದರು, ಇವತ್ತಿನವರೆಗೂ.

ಹಾಗಾದರೆ ಈ ಪತ್ರಿಕೆ ಯಾವ ಮುಖದಿಂದ ಇದನ್ನು ಬರೆಯುತ್ತಿದೆ? ಸೆನ್ಯೋರ್ ಕಸಿಮಿರೊ ಹಟ ಹಿಡಿದಿದ್ದಾರೆ, ಅದಕ್ಕೆ. ಮಾತಾಡಿಸಲು ಹೋದರೆ ಟೈ ಸರಿಮಾಡಿಕೊಂಡು, ತೊದಲು ನಾಲಿಗೆಯಲ್ಲೇ ಒಂದೊಂದು ಪದ ಬಿಡಿಸಿ ಹೇಳಿದರು:

"ಆ ಚಾದರ ನಂದು. ಪೂರ್ತಿ ಹೆಸರು ಹಾಕಿ. ಕಸಿಮಿರೊ ಪೆನಾ ಟೆಶೇರಾ. ಅವತ್ತು ಎಲ್ಲ ಕೇಳಿಸ್ಕೊಂಡೆ. ಜೀವಮಾನ ಎಲ್ಲ ಗಂಟೆ ಹೊಡೆದು ಜನಾನ ದಾರಿಯಿಂದ ಸರಿಸಿದೋನು ನಾನು. ಅವತ್ತು ಗಂಟಲಿಂದ ಒಂದು ಸ್ವರ ಬರಲಿಲ್ಲ. ನಾಚಿಕೆ. ಆ ಹೆಣ್ಣುಮಗಳು ನನ್ನ ಹೊಲಸು ತೊಳೆದದ್ದು ಸಾಲದು ಅಂತ ನನ್ನ ಅವಮಾನನೂ ತೊಳೆದ್ಳು. ಬರೀದೆ ಹೋದ್ರೆ ನೀವು ಪತ್ರಿಕೆಯೋರೇ ಅಲ್ಲ."

ತೊಟ್ಟಿಗೆ ಇಳಿದು ನಾವು ಇದನ್ನು ಹೇಳಿದಾಗ ಎರ್ಮೆಲಿಂಡಾ ಕೈಯಲ್ಲಿದ್ದ ಸೋಪನ್ನು ಕಲ್ಲಿಗೆ ಬಡಿದರು. "ಈ ಮುದುಕಂಗೆ ತಲೆ ಕೆಟ್ಟಿದೆ! ಮುಚ್ಚಿಟ್ಟಿದ್ದನ್ನ ಪೇಪರಿಗೆ ಹಾಕಿಸ್ತಾನಂತೆ. ನಾನು ಸುಳ್ಳುಗಾತಿ ಆಗಲಿಲ್ವಾ ಈಗ?" ಆಮೇಲೆ ಬಗ್ಗಿ ಮತ್ತೆ ಉಜ್ಜುತ್ತಾರೆ. ಮೂಗು ಮಾತ್ರ ಒಂದೆರಡು ಸಲ ಸದ್ದು ಮಾಡುತ್ತದೆ. ತಣ್ಣೀರಿಗೆ ನೆಗಡಿ ಎನ್ನುತ್ತಾರೆ.

ಸಮಿತಿ ನಿರ್ಧಾರ ಬದಲಿಸಿಲ್ಲ. ಗಾಜಿನ ಮುಚ್ಚಳದ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಹುಲ್ಲಿನ ಅಂಚಿನಲ್ಲಿ ಕಲ್ಲುಗಳ ರಾಶಿ ಬಂದು ಬಿದ್ದಿದೆ. ಬೆಟ್ಟದಲ್ಲಿ ಹಾಸಿಗೆ ಹಿಡಿದವರು ಇನ್ನೂ ಇದ್ದಾರೆ, ಅವರ ಚಾದರ ಎಲ್ಲಿಗೆ ಹೋಗಬೇಕು ಎಂದು ಅಳತೆಪಟ್ಟಿ ಹಿಡಿದವರು ಯಾರೂ ಕೇಳಿಲ್ಲ. ಎರಡು ದಿನಕ್ಕೆ ಬಂದುಹೋಗುವವರಿಗೆ ಬೆಂಚು ಬೇಕು. ಇಲ್ಲೇ ಹುಟ್ಟಿ ಇಲ್ಲೇ ಸಾಯುವವರಿಗೆ ಒಂದು ಕಲ್ಲು, ಒಂದಿಷ್ಟು ನೀರು ಹೆಚ್ಚಾಯಿತೆ? ಇದು ಯಾವ ಚಂದ, ಯಾರ ಚಂದ?

ನಿಮಗೇನು ಬೇಕು ಎಂದು ಕೇಳಿದರೆ ಎರ್ಮೆಲಿಂಡಾ ಒದ್ದೆ ಕಂಬಳಿಯ ಒಂದು ತುದಿಯನ್ನು ಝುಲ್ಮಿರಾ ಕೈಗೆ ಕೊಡುತ್ತಾರೆ. ಇಬ್ಬರೂ ಎದುರುಬದುರಾಗಿ ನಿಂತು ಹಿಂಡುತ್ತಾರೆ.

"ನಂಗೇನೂ ಬೇಡಪ್ಪ. ನಾಳೆ ನಾನೂ ಬೀಳ್ತೀನಿ. ಆಗ ನನ್ನ ಚಾದರಾನ ಯಾರಾದ್ರೂ ಇಲ್ಲಿಗೆ ತರ್ಬೇಕು, ಇಲ್ಲಿ ನೀರಿರ್ಬೇಕು. ಯಾರದಿದು ಅಂತ ಯಾವನಾದ್ರೂ ಕೂಗಿದ್ರೆ 'ನಂದೇ' ಅನ್ನೋಳು ಒಬ್ಬಳು ಇರ್ಬೇಕು. ಅಷ್ಟೇ."