ಅತ್ತೆಯ ನಿನ್ನೆ, ಭಾರ್ಗವಿಯಮ್ಮನ ನಿನ್ನೆ

ಮೊನ್ನೆ ಪಾಲಾರಿವಟ್ಟಂ ದಾಟುವಾಗ ಆಟೋದಲ್ಲಿ ಪಕ್ಕ ಕೂತಿದ್ದ ಮೊಮ್ಮಗಳು, ‘ಅಜ್ಜೀ, ಎಂದೊರು ಮಾಟ್ಟಂ, ಅಲ್ಲೇ?’ ಎಂದಳು. ಎಷ್ಟು ಬದಲಾಗಿದೆ ಅಲ್ಲವೇ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ನಾನು ದಿನಕ್ಕೆ ಹತ್ತು ಸಲ ತಿದ್ದುತ್ತೇನೆ, ಅವಳು ಹತ್ತು ಸಲ ಮರೆಯುತ್ತಾಳೆ. ಕಾಲ ಬದಲಾದದ್ದರ ಬಗ್ಗೆ ಗಂಭೀರವಾಗಿ ನಿಟ್ಟುಸಿರು ಬಿಡಬೇಕಾದ ವಯಸ್ಸು ನನ್ನದು. ನನಗೆ ಬಂದದ್ದು ನಗು. ಈ ‘ಮಾಟ್ಟಂ’ ನಮ್ಮತ್ತೆಯ ಕಿವಿಗೆ ಏನಾಗಿ ಬಿದ್ದಿತ್ತು ಎಂಬುದನ್ನು ನಿಮಗೆ ಹೇಳಲೇಬೇಕು.

ಐವತ್ತರ ದಶಕದ ಕೊನೆ. ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಮೈಸೂರಿನಿಂದ ಅತ್ತೆಯನ್ನೂ ಕರೆತಂದು ಈ ಪಾಲಾರಿವಟ್ಟಂನಲ್ಲೇ ಒಂದು ಹೆಂಚಿನ ಮನೆ ಹಿಡಿದಿದ್ದೆವು. ಆಗ ಈ ರಸ್ತೆಯಲ್ಲಿ ಬಸ್ಸಿಗಿಂತ ಹಸುಗಳೇ ಹೆಚ್ಚು. ಪಕ್ಕದ ಮನೆಯ ಭಾರ್ಗವಿಯಮ್ಮ ಅತ್ತೆಯ ಓರಗೆಯವರು. ಅವರದು ಮಲಯಾಳ, ಇವರದು ಕನ್ನಡ. ಗೋಡೆಯ ಎರಡು ಬದಿ ನಿಂತು ಗಂಟೆಗಟ್ಟಲೆ ಮಾತು. ಕಷ್ಟಪಟ್ಟು ಮಲಯಾಳ ಕಲಿಯುತ್ತಿದ್ದ ನನ್ನನ್ನು ಕಂಡು ಇಬ್ಬರೂ ನಗುತ್ತಿದ್ದರು. ಮಾವ ಹೋದ ಮೇಲೆ ಅತ್ತೆ ಮನಸ್ಸಿಗೆ ಹಚ್ಚಿಕೊಂಡ ಗೆಳತಿ ಅವರೊಬ್ಬರೇ.

ಭಾರ್ಗವಿಯಮ್ಮನ ಗಂಡನದೂ ಅದೇ ಕಚೇರಿ. ಹಾಗಾಗಿ ಸುದ್ದಿ ನಮಗಿಂತ ಮೊದಲು ಅವರಿಗೆ ತಿಳಿಯಿತು. ಒಂದು ಬೆಳಿಗ್ಗೆ ಕಣ್ಣೊರೆಸಿಕೊಳ್ಳುತ್ತಾ ಅತ್ತೆಗೆ, ‘ಮೋನು ಮಾಟ್ಟಮಾಯಿ’ ಎಂದರು. ಮಗನಿಗೆ ವರ್ಗವಾಯಿತು ಎಂದು; ಬದಲಾವಣೆಗೂ ವರ್ಗಕ್ಕೂ ಅವರಲ್ಲಿ ಒಂದೇ ಪದ. ಅತ್ತೆಗೆ ಕೇಳಿಸಿದ್ದು ಮಗನಿಗೆ ಮಾಟವಾಯಿತು ಎಂದು. ಸಂಜೆ ತಿರುವನಂತಪುರಕ್ಕೆ ಆರ್ಡರ್ ಬಂದಾಗ ಅವರ ಅನುಮಾನ ಗಟ್ಟಿಯಾಯಿತು. ಮಾಟದಿಂದಲೇ ವರ್ಗ, ಮೊದಲೇ ಗೊತ್ತಿದ್ದವಳೇ ಮಾಡಿಸಿದವಳು. ಯಾರ ಮುಂದೆಯೂ ಬಾಯಿಬಿಡದೆ ಮಗನಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಗೋಡೆಯ ಹತ್ತಿರ ಹೋಗುವುದನ್ನೇ ಬಿಟ್ಟರು. ಹೊರಡುವ ಹಿಂದಿನ ದಿನ ಭಾರ್ಗವಿಯಮ್ಮ ಪಾಯಸ ತಂದರೆ, ಅತ್ತೆ ಅವರ ಕಣ್ಣೆದುರೇ ತೆಂಗಿನ ಬುಡಕ್ಕೆ ಸುರಿದರು.

‘ಏನತ್ತೆ ಇದು?’ ಎಂದರೆ, ‘ಮಾಟ ಅಂತ ಅವಳೇ ಬಾಯ್ಬಿಟ್ಳಲ್ಲೇ’ ಎಂದರು. ನಾನು ಬಿಡಿಸಿ ಹೇಳಿದೆ. ಆಮೇಲೆ ಅವರ ಮುಖ ನೋಡಲಾಗಲಿಲ್ಲ.

ಮರುದಿನ ನಾವು ಬಸ್ಸಿಗೆ ಟ್ರಂಕು ಏರಿಸುವ ಗಡಿಬಿಡಿಯಲ್ಲಿದ್ದಾಗ ಭಾರ್ಗವಿಯಮ್ಮ ಬಂದು ಅತ್ತೆಯ ಕೈ ಹಿಡಿದು ಏನೋ ಹೇಳಿ ಹೋದರು.

ತಿರುವನಂತಪುರದಲ್ಲಿ, ಪಟ್ಟಂನ ಮನೆಯಲ್ಲಿ, ಅತ್ತೆ ಸೊರಗುತ್ತಾ ಹೋದರು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ತಾವಾಗಿಯೇ ಹೇಳಿದರು: ‘ಞಾನ್ ನಿನ್ನೆ ಮರಕ್ಕಿಲ್ಲ ಅಂದ್ಬಿಟ್ಲು ಕಣೇ. ನಿನ್ನೆ ನಾನು ಮಾಡಿದ್ದನ್ನ ಮರೆಯಲ್ವಂತೆ.’

‘ಅಯ್ಯೋ ಅತ್ತೆ, ಅವರಲ್ಲಿ ನಿನ್ನೆ ಅಂದ್ರೆ ನಿನ್ನನ್ನ ಅಂತ. ನಿನ್ನನ್ನ ಮರೆಯಲ್ಲ ಅಂದಿದಾರೆ.’

ಅತ್ತೆ ಮೊರ ಕೆಳಗಿಟ್ಟರು. ‘ಹಾಗಾದ್ರೆ ನಮ್ಮ ನಿನ್ನೆಗೆ ಏನಂತಾರೆ?’

‘ಇನ್ನಲೆ.’

ಮುಂದಿನ ರಜೆಗೆ ನನ್ನನ್ನು ಹೊರಡಿಸಿಕೊಂಡೇ ಬಿಟ್ಟರು. ದಾರಿಯುದ್ದಕ್ಕೂ ‘ಇನ್ನಲೆ ಮರಕ್ಕಣಂ’ ಎಂದು ಬಾಯಿಪಾಠ. ನಿನ್ನೆಯದನ್ನು ಮರೆತುಬಿಡು ಎಂದು. ಅದೇ ಗೋಡೆಯ ಬಳಿ ನಿಂತು ಕೈಮುಗಿದು ಒಪ್ಪಿಸಿದರು. ಭಾರ್ಗವಿಯಮ್ಮ ಕಕ್ಕಾಬಿಕ್ಕಿಯಾದರು.

‘ಇನ್ನಲೆಯೋ? ನೀ ಇನ್ನಲ್ಲೇ ವನ್ನದ್?’

ನಿನ್ನೆಯೇ? ನೀನು ಬಂದದ್ದು ಇವತ್ತಲ್ಲವೇ, ಎಂದು. ಆ ಭಾಷೆಯಲ್ಲಿ ಒಂದು ಲಕಾರ ಒತ್ತಿದರೆ ನಿನ್ನೆ ಇವತ್ತಾಗಿಬಿಡುತ್ತದೆ. ಅತ್ತೆ ಅವರ ಅಡುಗೆಮನೆಯಲ್ಲಿ ಕೂತು ಮನಸಾರೆ ಅತ್ತರು.

ಈಗ ಇಬ್ಬರೂ ಇಲ್ಲ. ಎಷ್ಟು ವರ್ಷವಾಯಿತೆಂದು ಎಣಿಸಹೊರಟರೆ ನನಗೆ ಸಂಕಟವಾಗುತ್ತದೆ. ಮೊನ್ನೆ ಇಷ್ಟೆಲ್ಲ ನೆನೆಯುವಷ್ಟರಲ್ಲಿ ಆಟೋ ಕಾಕ್ಕನಾಡಿನ ಫ್ಲಾಟುಗಳ ಹತ್ತಿರ ಬಂದಿತ್ತು. ಮೊಮ್ಮಗಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ‘ಅಜ್ಜೀ, ಆರೆ ಓರ್ತಾ ಚಿರಿಚ್ಚದ್?’ ಯಾರನ್ನು ನೆನೆದು ನಕ್ಕೆ ಎಂದು.

‘ನಿನ್ನೆ’ ಎಂದೆ.

‘ಎನ್ನೆಯೋ?’ ನನ್ನನ್ನೇ ಎಂದು ಅವಳು ಮುಖ ಅರಳಿಸಿ ನನ್ನ ತೋಳಿಗೆ ಒರಗಿದಳು. ನಾನು ತಿದ್ದಲಿಲ್ಲ.